ಹಾಲಮ್ಮನಿಗೆ ಚುಕ್ಕಿ ತೋರಿಸಿದ್ದು

ಒಂದಾನೊಂದು ಕಾಲದಲ್ಲಿ, ಎಲ್ಲಾ ಊರಲ್ಲೂ ಹಗಲು ಮುಗಿದ ಮೇಲೆ ರಾತ್ರಿ ಬರ್ತಿದ್ದ ಕಾಲದಲ್ಲಿ, ಒಂದೇ ಒಂದು ಊರಲ್ಲಿ ಮಾತ್ರ ರಾತ್ರಿ ಬರ್ತಾನೇ ಇರಲಿಲ್ಲವಂತೆ. ಕಾಲು ಕಂಬಳಿ ಒಳಗೆ ಎಳ್ಕೋ ಮಗಾ, ನಾನು ಹೇಳ್ತಾ ಹೋದ ಹಾಗೆ ಹ್ಞೂಂ ಅಂತಿರು, ಹ್ಞೂಂ ಅನ್ನೋರಿಲ್ಲದಿದ್ರೆ ಕತೆಗೆ ಬೇಜಾರಾಗುತ್ತೆ. ಆ ಊರಿನ ಹೆಸರು ಬೆಳಗಲ್ಲು ಅಂತ. ನಡುವೆ ಒಂದು ಸಣ್ಣ ಕೋಟೆ, ಕೋಟೆ ಒಳಗೆ ದೊರೆ, ಕೋಟೆ ಸುತ್ತ ಕಂದಕ, ಕಂದಕದ ಆಚೆ ಊರು. ಕಂದಕ ಅಂದ್ರೇನು ಅಂತೀಯಾ? ಶತ್ರುಗಳು ಒಳಗೆ ನುಗ್ಗದೆ ಇರಲಿ ಅಂತ ಕೋಟೆ ಸುತ್ತ ಆಳವಾಗಿ ತೋಡಿಸಿ ನೀರು ಬಿಟ್ಟಿರ್ತಾರಲ್ಲ, ಅದು.

ಆ ದೊರೆಗೆ ಒಬ್ಬನೇ ಮಗ ಇದ್ದನಂತೆ, ಐದು ವರ್ಷದೋನು. ಒಂದಿನ ರಾತ್ರಿ ಎಲ್ಲಾರೂ ಮಲಗಿದ್ದಾಗ ಆ ಮಗು ಎದ್ದು, ಕಾವಲುಗಾರನ ಕಣ್ಣು ತಪ್ಪಿಸಿ, ಸೇತುವೆ ದಾಟಿ ಹೊರಗೆ ಹೋಗಿ, ಕತ್ತಲಲ್ಲಿ ಕಂದಕಕ್ಕೆ ಜಾರಿ ಬಿತ್ತಂತೆ. ಬೆಳಿಗ್ಗೆ ನೋಡಿದ್ರೆ ಮಗು ಇಲ್ಲ. ಆಮೇಲೆ ದೊರೆ ಮೂರು ದಿನ ಅನ್ನ ಮುಟ್ಟಲಿಲ್ಲ, ನಾಲ್ಕನೇ ದಿನ ತಮಟೆ ಹೊಡೆಸಿದನಂತೆ. ಇನ್ಮೇಲೆ ನನ್ನ ಊರಲ್ಲಿ ಕತ್ತಲು ಅನ್ನೋದೇ ಇರಬಾರದು, ಮನೆಗೆರಡು ದೀಪ, ಬೀದಿಗೆ ಹತ್ತು ಪಂಜು, ಸಂಜೆ ಹಚ್ಚಿದ್ದು ಸೂರ್ಯ ಹುಟ್ಟೋವರೆಗೆ ಉರೀಬೇಕು, ಆರಿಸಿದೋರು ಊರು ಬಿಡಬೇಕು ಅಂತ. ಮಗ ಕಳ್ಕೊಂಡೋನ ಮಾತಿಗೆ ಎದುರಾಡೋರು ಯಾರು, ಜನ ಹ್ಞೂಂ ಅಂದ್ರಂತೆ.

ಹಾಗೇ ಹನ್ನೆರಡು ವರ್ಷ ಆಯ್ತಂತೆ. ಹುಂಜಗಳಿಗೆ ಯಾವಾಗ ಕೂಗಬೇಕು ಅನ್ನೋದೇ ಮರೆತುಹೋಗಿ ನಡುರಾತ್ರಿ ಎಲ್ಲಾ ಕೂಗ್ತಿದ್ವಂತೆ. ಜನ ಮುಖದ ಮೇಲೆ ಬಟ್ಟೆ ಹೊದ್ಕೊಂಡು ಮಲಗ್ತಿದ್ರಂತೆ. ಪಂಜಿನ ಹೊಗೆ, ದೀಪದ ಬೆಳಕು ಎಲ್ಲಾ ಸೇರಿ ಊರ ಮೇಲೆ ಕೆಂಪಗೆ ಒಂದು ಮುಸುಕು ಕಟ್ಟಿಬಿಟ್ಟಿತ್ತಂತೆ. ತಲೆಯೆತ್ತಿದ್ರೆ ಅದೇ ಮುಸುಕು, ಒಂದು ಚುಕ್ಕಿ ಕಾಣದು. ಆ ಊರಿನ ಸಣ್ಣ ಮಕ್ಕಳಿಗೆ ಚುಕ್ಕಿ ಅಂದ್ರೆ ಮನೆ ಮುಂದೆ ಹಾಕೋ ರಂಗೋಲಿ ಚುಕ್ಕಿ ಒಂದೇ ಗೊತ್ತಂತೆ.

ಈಗ ಅಷ್ಟು ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು ಹೇಳು. ಊರ ತುದೀಲಿ ಹಾಲಮ್ಮ ಅಂತ ಒಬ್ಬಳ ಗಾಣ ಇತ್ತಂತೆ, ಹೊಂಗೆ ಬೀಜ, ಹರಳು, ಹುಚ್ಚೆಳ್ಳು ಹಾಕಿ ಎಣ್ಣೆ ತೆಗೆಯೋ ಗಾಣ. ಗಂಡ ಬೇಗ ತೀರಿಹೋಗಿದ್ದ. ಮೂರು ಮಕ್ಕಳು. ದೊಡ್ಡೋನು ಮಾರಣ್ಣ, ಎತ್ತಿನ ಹಾಗೆ ದುಡಿಯೋನು, ಮಾತು ಕಮ್ಮಿ. ಎರಡನೆಯೋನು ಚೌಡಣ್ಣ, ಮಾತು ಜಾಸ್ತಿ, ಸ್ವಲ್ಪ ಪುಕ್ಕಲು. ಮೂರನೆಯೋಳು ದುಗ್ಗಿ. ದುಗ್ಗಿ ಹಾಲಮ್ಮನ ಹೊಟ್ಟೇಲಿ ಹುಟ್ಟಿದೋಳಲ್ಲ. ಚೌಡಣ್ಣ ಎದೆಹಾಲು ಕುಡೀತಿದ್ದಾಗ ಒಂದು ಮುಂಜಾನೆ ಗಾಣದ ಮನೆ ಬಾಗಿಲು ತೆಗೆದ್ರೆ, ಹಿಂಡಿ ತುಂಬಿದ ಪುಟ್ಟಿ ಮೇಲೆ, ಹರಕು ಸೀರೆಲಿ ಸುತ್ತಿದ ಕೂಸು. ಯಾರು ಬಿಟ್ಟು ಹೋದ್ರೋ, ಎಂಥ ಕಷ್ಟಕ್ಕೆ ಬಿಟ್ಟು ಹೋದ್ರೋ. ಹಾಲಮ್ಮ ಅತ್ತ ಇತ್ತ ನೋಡಿದ್ಲಂತೆ, ಎತ್ಕೊಂಡ್ಲಂತೆ, ಒಂದು ಮಗ್ಗುಲಿಗೆ ಚೌಡ, ಇನ್ನೊಂದು ಮಗ್ಗುಲಿಗೆ ಇದು ಅಂತ ಹಾಲು ಕೊಟ್ಟಳಂತೆ. ಈ ಸಂಗತಿ ದುಗ್ಗಿಗೆ ಗೊತ್ತಿತ್ತು. ಆದ್ರೆ ಅವ್ವ ಯಾವತ್ತೂ ಅದನ್ನ ಬಾಯಿಬಿಟ್ಟು ಆಡಿ ತೋರಿಸಿರಲಿಲ್ಲ. ನೆಂಟರು ಕೇಳಿದ್ರೆ, ನಂಗೆ ಮೂರು ಮಕ್ಕಳು ಅಂತ ಮಾತು ಮುಗಿಸ್ತಿದ್ಲಂತೆ.

ಹಗಲೂ ರಾತ್ರಿ ಗಾಣದ ಮುಂದೆ, ಹೊಗೆ ಮುಂದೆ ಕೂತೂ ಕೂತೂ ಹಾಲಮ್ಮನ ಕಣ್ಣಿಗೆ ಪೊರೆ ಬಂತಂತೆ. ಮೊದಮೊದಲು ಸೂಜಿಗೆ ದಾರ ಪೋಣಿಸೋಕಾಗಲಿಲ್ಲ, ಆಮೇಲೆ ಅಕ್ಕಿಲಿ ಕಲ್ಲು ಕಾಣಲಿಲ್ಲ, ಆಮೇಲೆ ಮಕ್ಕಳ ಮುಖವೇ ಮಂಜು ಮಂಜು. ವೈದ್ಯರು ರೆಪ್ಪೆ ಬಿಡಿಸಿ ನೋಡಿ, ಮುಂಗಾರು ಕಾಲಿಡೋ ಹೊತ್ತಿಗೆ ಪೂರ್ತಿ ಮುಚ್ಚಿಕೊಳ್ಳುತ್ತಮ್ಮ, ಇದಕ್ಕೆ ನನ್ನ ಹತ್ರ ಮದ್ದಿಲ್ಲ ಅಂದ್ರಂತೆ. ಆಗ ಯುಗಾದಿ ಕಳೆದು, ಹೊಂಗೆ ಮರದ ಹೂ ಉದುರ್ತಾ ಇದ್ದ ಕಾಲ.

ಮೂರೂ ಮಕ್ಕಳು ಅವ್ವನ ಸುತ್ತ ಕೂತು, ಅವ್ವಾ, ಕಣ್ಣಿರೋವಾಗಲೇ ಏನು ನೋಡಬೇಕು ಹೇಳು, ಯಾವ ದೇವರು, ಯಾವ ಊರು, ಎಲ್ಲಿಗಾದ್ರೂ ಕರ್ಕೊಂಡು ಹೋಗ್ತೀವಿ ಅಂದ್ರಂತೆ. ಹಾಲಮ್ಮ ಹೇಳಿದ್ಲಂತೆ, ಚುಕ್ಕಿ ಉದುರೋದು ನೋಡಬೇಕು ಕಣ್ರೋ. ಪ್ರತಿವರ್ಷ ಇದೇ ಹೊತ್ತಿಗೆ, ಹೊಂಗೆ ಹೂ ನೆಲ ತುಂಬಿದಾಗ, ಮೂರು ರಾತ್ರಿ ಆಕಾಶದಿಂದ ಚುಕ್ಕಿ ಉದುರ್ತವೆ. ನಾನು ಚಿಕ್ಕೋಳಿದ್ದಾಗ ನಮ್ಮಪ್ಪ ಹೆಗಲ ಮೇಲೆ ಕೂರಿಸ್ಕೊಂಡು ತೋರಿಸಿದ್ದ. ಇನ್ನೊಂದು ಸಲ ನೋಡಬೇಕು ಅಂತ ಆಸೆ. ಈಗ ಅಮಾವಾಸ್ಯೆನೂ ಹತ್ತಿರ ಇದೆ, ಚಂದ್ರನ ಕಾಟ ಇಲ್ಲ.

ಅಷ್ಟೇನಾ ಅಂತ ಎದ್ದ ಮಾರಣ್ಣ. ಮೊದಲ ರಾತ್ರಿ ಅವನ ಸರದಿ. ಚುಕ್ಕಿ ಮೇಲಿರ್ತವೆ, ಮೇಲಕ್ಕೆ ಹೋದ್ರೆ ಹತ್ತಿರ ಕಾಣ್ತವೆ ಅಂತ ಅವನ ಲೆಕ್ಕ. ಅವ್ವನ್ನ ಬೆನ್ನ ಮೇಲೆ ಹೊತ್ಕೊಂಡು ಊರ ಹಿಂದಿನ ಗುಡ್ಡ ಹತ್ತಿದನಂತೆ, ನಾನೂರು ಮೆಟ್ಟಿಲು, ಎಲ್ಲೂ ಇಳಿಸದೆ. ಮೇಲೆ ಹೋಗಿ ಬಂಡೆ ಮೇಲೆ ಕೂರಿಸಿ ನೋಡಿದ್ರೆ, ಕೆಳಗಡೆ ಊರೆಲ್ಲ ಕೆಂಡದ ಹಾಸಿಗೆ ಥರ ಉರೀತಿದೆ, ಆ ಬೆಳಕು ಮೇಲಕ್ಕೆ ಹಬ್ಬಿ ಆಕಾಶದ ಕಣ್ಣನ್ನೇ ಕಟ್ಟಿದೆ. ಬೆಳಕು ಹರಿಯೋವರೆಗೂ ಕೂತ್ರಂತೆ. ಒಂದೂ ಕಾಣಲಿಲ್ಲ. ಇರಲಿ ಬಿಡಪ್ಪ, ಗಾಳಿ ತಂಪಾಗಿತ್ತು ಅಂತ ಹಾಲಮ್ಮ ಅಂದು, ಮತ್ತೆ ಅವನ ಬೆನ್ನೇರಿ ಇಳಿದು ಬಂದ್ಲಂತೆ.

ಎರಡನೇ ರಾತ್ರಿ ಚೌಡಣ್ಣನ ಸರದಿ. ಅವನು ಗಾಡಿ ಕಟ್ಟಿ, ಹುಲ್ಲು ಹಾಸಿ, ಊರಿಂದ ಒಂದು ಹರದಾರಿ ದೂರದ ಕೆರೆ ಏರಿಗೆ ಕರ್ಕೊಂಡು ಹೋದನಂತೆ. ದುಗ್ಗಿನೂ ಜೊತೆಗೆ ಹೋದ್ಲು. ಅಲ್ಲಿ ಊರಿನ ಬೆಳಕು ಕಮ್ಮಿ ಏನೋ ಹೌದು, ಆದ್ರೆ ಕೆರೆ ನೀರಲ್ಲಿ ಆ ಬೆಳಕೆಲ್ಲ ಬಿದ್ದು ಥಳಥಳ ಅಂತಿತ್ತು. ಸಾಲದ್ದಕ್ಕೆ ಹಾವು ಬಂದಾವು ಅಂತ ಚೌಡಣ್ಣ ಗಾಡಿ ಪಕ್ಕದಲ್ಲೇ ಒಂದು ಪಂಜು ನೆಟ್ಟುಬಿಟ್ಟ. ಆರಿಸೋ ಅಂದ್ರೆ ಆರಿಸಲೊಲ್ಲ. ಸರಿಹೊತ್ತು ಮೀರಿದ ಮೇಲೆ ಹಾಲಮ್ಮ, ಹಾಂ, ಬಿತ್ತು ನೋಡು ಒಂದು, ಸಾಕು ನಡೀರಿ, ಎತ್ತು ಪಾಪ ನಿಂತೇ ಇದಾವೆ ಅಂದ್ಲಂತೆ. ಯಾವ ಕಡೆ ಬಿತ್ತವ್ವ ಅಂತ ದುಗ್ಗಿ ಕೇಳಿದ್ರೆ, ಅದೇ ಆ ಕಡೆ ಅಂತ ಕೈ ಎತ್ತಿ ಗಾಳೀಲಿ ಆಡಿಸಿದ್ಲಂತೆ. ಅವ್ವ ಸುಳ್ಳು ಹೇಳ್ತಿದಾಳೆ ಅಂತ ದುಗ್ಗಿಗೆ ಗೊತ್ತಾಯ್ತು. ಮಕ್ಕಳ ಮನಸ್ಸಿಗೆ ನೋವಾಗಬಾರದು ಅಂತ ಹೇಳಿದ ಸುಳ್ಳು. ದಾರಿಯುದ್ದಕ್ಕೂ ಗಾಡಿ ಹಿಂದೆ ಕಾಲು ಇಳಿಬಿಟ್ಕೊಂಡು ಕೂತು, ನಾಳೆ ನನ್ನ ಸರದಿ, ನಾನೆಲ್ಲಿಗೆ ಕರ್ಕೊಂಡು ಹೋಗಲಿ ಅಂತ ಯೋಚನೆ ಮಾಡಿದ್ಲಂತೆ. ನಿಜವಾದ ಕತ್ತಲು ಇರೋದು ದನ ಮೇಯಿಸೋ ದೊಡ್ಡ ಕಾವಲಲ್ಲಿ, ಅದು ಎರಡು ದಿನದ ದಾರಿ. ಉಳಿದಿರೋದು ಒಂದೇ ರಾತ್ರಿ. ಮುಂದಿನ ವರ್ಷಕ್ಕೆ ಅವ್ವನಿಗೆ ಕಣ್ಣಿರಲ್ಲ.

ಕತ್ತಲ ಹತ್ರ ಅವ್ವನ್ನ ಕರ್ಕೊಂಡು ಹೋಗೋಕಾಗದಿದ್ರೆ ಅವ್ವನ ಹತ್ರಕ್ಕೇ ಕತ್ತಲನ್ನ ಕರೀಬೇಕು, ಬೇರೆ ದಾರಿ ಇಲ್ಲ ಅಂದ್ಕೊಂಡ್ಲಂತೆ. ಬೆಳಕು ಹರೀತಿದ್ದ ಹಾಗೇ ಮುಖ ತೊಳ್ಕೊಂಡು ನೆಟ್ಟಗೆ ಕೋಟೆಗೆ ಹೋದ್ಲು.

ದೊರೆಗೆ ವಯಸ್ಸು ಅಷ್ಟಾಗಿರಲಿಲ್ಲ, ಆದ್ರೆ ತಲೆಯೆಲ್ಲ ಬೆಳ್ಳಗಾಗಿತ್ತಂತೆ. ದುಗ್ಗಿ ಅಡ್ಡಬಿದ್ದು, ಬುದ್ಧೀ, ಇವತ್ತೊಂದು ರಾತ್ರಿ ಊರಿನ ದೀಪ ಆರಿಸೋಕೆ ಅಪ್ಪಣೆ ಕೊಡಬೇಕು, ನಮ್ಮವ್ವ ಕಣ್ಣು ಹೋಗೋ ಮುಂಚೆ ಚುಕ್ಕಿ ಉದುರೋದು ನೋಡಬೇಕಂತೆ ಅಂದ್ಲು. ಅಲ್ಲಿದ್ದೋರೆಲ್ಲ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರಂತೆ. ದೊರೆ ರೇಗಲಿಲ್ಲ. ಮೆಲ್ಲಗೆ ಕೇಳಿದ, ನನ್ನ ಮಗ ಹೇಗೆ ಹೋದ ಅಂತ ನಿಂಗೆ ಗೊತ್ತಾ ಮಗಳೇ? ಗೊತ್ತು ಬುದ್ಧೀ. ಗೊತ್ತಿದ್ದೂ ಕೇಳ್ತಿದೀಯಾ?

ದುಗ್ಗಿ ಹೇಳಿದ್ಲಂತೆ, "ಚಿಕ್ಕದೊರೆ ಅವತ್ತು ಒಬ್ಬರೇ ಇದ್ರು ಬುದ್ಧೀ. ಇವತ್ತು ಊರಲ್ಲಿ ಯಾರೂ ಒಬ್ಬರೇ ಇರಲ್ಲ. ಎಲ್ಲಾರೂ ಎದ್ದಿರ್ತೀವಿ, ಒಬ್ಬರ ಕೈ ಒಬ್ಬರು ಹಿಡ್ಕೊಂಡಿರ್ತೀವಿ."

ದೊರೆ ಕಿಟಕಿ ಹತ್ರ ಹೋಗಿ ಕಂದಕದ ಕಡೆ ನೋಡಿದನಂತೆ. ಆಮೇಲೆ, ಸರಿ, ಮೂರು ಕೆಲಸ ಮಾಡು ಅಂದ. ಒಂದು, ಇನ್ನೂರು ಮನೆಯೋರೂ ತಾವಾಗೇ ಒಪ್ಪಬೇಕು, ಒಪ್ಪಿದ್ದಕ್ಕೆ ಗುರುತಾಗಿ ಮನೆಗೊಂದು ದೀಪದ ಬತ್ತಿ ತಂದು ತೋರಿಸು, ಒಂದು ಕಮ್ಮಿಯಾದ್ರೂ ದೀಪ ಆರೋದಿಲ್ಲ. ಎರಡು, ಕತ್ತಲಾಗೋದರೊಳಗೆ ಕಂದಕದ ಸುತ್ತ ಹಗ್ಗ ಕಟ್ಟಬೇಕು, ಎಲ್ಲೂ ಸಂದು ಇರಬಾರದು. ಮೂರು, ಸಂಜೆ ಊರಿನ ಮಕ್ಕಳನ್ನ ಎಣಿಸು, ಬೆಳಿಗ್ಗೆ ಮತ್ತೆ ಎಣಿಸು. ಒಂದು ಮಗು ಕಮ್ಮಿಯಾಯ್ತೋ, ನೀನು, ನಿಮ್ಮವ್ವ, ನಿಮ್ಮಣ್ಣಂದಿರು ಗಾಣ ಬಿಟ್ಟು ಈ ಊರು ಬಿಡಬೇಕು. ದುಗ್ಗಿ ಆಗಲಿ ಬುದ್ಧೀ ಅಂತ ಹೊರಗೆ ಬಂದ್ಲಂತೆ.

ನಿದ್ದೆ ಬಂತಾ? ಇಲ್ವಾ? ಸರಿ ಕೇಳು.

ಮೊದಲನೇ ಮನೆ ನೇಕಾರರದ್ದು. ದುಗ್ಗಿ ಹೆದರ್ತಾ ಹೆದರ್ತಾ ಹೀಗೀಗೆ ಅಂತ ಹೇಳಿದ್ರೆ, ನೇಕಾರರ ಗಿರಿಯಮ್ಮ ಬಾಣಂತಿ ಕೋಣೆ ಕಡೆ ಕೈ ತೋರಿಸಿ, ನಮ್ಮ ಮನೇಲಿ ಮೂರು ಬಾಣಂತನ ಆಯ್ತು, ಮೂರು ಸಲವೂ ಕೇಳೋ ಮುಂಚೆ ಹರಳೆಣ್ಣೆ ಕುಡಿಕೆ ಬಾಗಿಲಲ್ಲಿ ಇರ್ತಿತ್ತು, ಹಾಲಮ್ಮ ಕಳಿಸಿದ್ದು, ಅವಳಿಗೆ ಒಂದು ಬತ್ತಿ ಕೊಡೋಕೆ ಯೋಚನೆ ಮಾಡಬೇಕಾ ಅಂತ ಕಿತ್ತು ಕೊಟ್ಟಳಂತೆ. ಎರಡನೇ ಮನೇಲೂ ಅದೇ ಮಾತು, ಮೂರನೇ ಮನೇಲೂ ಅದೇ ಮಾತು. ಊರಲ್ಲಿ ಯಾವ ಕೂಸು ಹುಟ್ಟಿದ್ರೂ ತಲೆಗೆ ಒತ್ತೋ ಎಣ್ಣೆ ಗಾಣದ ಮನೆಯಿಂದ ಹೋಗ್ತಿತ್ತಂತೆ. ಹಾಲಮ್ಮ ಅದನ್ನ ಮನೇಲಿ ಯಾರಿಗೂ ಹೇಳೇ ಇರಲಿಲ್ಲ. ಅವ್ವನ್ನ ನಾನೊಬ್ಬಳೇ ಪೂರ್ತಿ ಬಲ್ಲೆ ಅಂದ್ಕೊಂಡಿದ್ಲು ದುಗ್ಗಿ. ಮನೆಯಿಂದ ಮನೆಗೆ ಹೋದ ಹಾಗೆಲ್ಲ ಅವಳಿಗೆ ಹೊಸ ಹೊಸ ಅವ್ವ ಸಿಗ್ತಾ ಹೋದ್ಲಂತೆ. ಕುಂಬಾರರ ಮನೆ ಮುದುಕನಂತೂ ಬತ್ತಿ ಕೊಟ್ಟು, ನಂಗೂ ಒಂದು ಸಲ ಚುಕ್ಕಿ ನೋಡಬೇಕು ಅನ್ನಿಸ್ತಿತ್ತು ತಾಯಿ, ಕೇಳೋ ಧೈರ್ಯ ಇರಲಿಲ್ಲ ಅಂದನಂತೆ. ಬಿಸಿಲು ಇಳಿಯೋ ಹೊತ್ತಿಗೆ ಮಡಿಲ ತುಂಬ ಬತ್ತಿ. ಎಣಿಸಿ ನೋಡಿದ್ರೆ ನೂರ ತೊಂಬತ್ತೊಂಬತ್ತು.

ಇನ್ನೊಂದು ಮನೆ ಯಾವುದು ಗೊತ್ತಾ? ಅವರದ್ದೇ.

ಮಾರಣ್ಣ ಬಾಗಿಲಲ್ಲಿ ನಿಂತು ಕೊಡೋದಿಲ್ಲ ಅಂದನಂತೆ. ನಾವು ಊಟ ಮಾಡ್ತಿರೋದೇ ದೀಪದಿಂದ ಕಣೆ. ಒಂದು ರಾತ್ರಿ ದೀಪ ಇಲ್ಲದೆ ನಡೀತದೆ ಅಂತ ಜನಕ್ಕೆ ಗೊತ್ತಾದ್ರೆ ನಾಳೆ ಯಾರು ಎಣ್ಣೆ ಕೇಳ್ತಾರೆ? ಮೇಲಿಂದ, ಒಂದು ಮಗು ಕಮ್ಮಿಯಾದ್ರೆ ಊರೇ ಬಿಡಬೇಕಂತೆ, ಈ ಮುದುಕಿ ಕಟ್ಕೊಂಡು ಎಲ್ಲಿಗೆ ಹೋಗೋಣ? ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದುಗ್ಗಿ ವಾದ ಮಾಡಲಿಲ್ಲ. ಅಣ್ಣಾ, ನಿನ್ನೆ ಬೆಳಿಗ್ಗೆ ಗುಡ್ಡದಿಂದ ಇಳಿಯೋವಾಗ ಅವ್ವ ಏನಂದ್ಲು ಅಂತ ಕೇಳಿದ್ಲಂತೆ.

ಮಾರಣ್ಣ ಬಾಗಿಲ ಚೌಕಟ್ಟನ್ನ ಉಗುರಿಂದ ಕೆರೀತಾ ನಿಂತ. ಆಮೇಲೆ ಹೇಳಿದ, ಏನೂ ಅನ್ನಲಿಲ್ಲ. ನನ್ನ ಕತ್ತು ಒದ್ದೆಯಾಯ್ತು. ಬೆವರು ಅಂದ್ಕೊಂಡೆ, ಬೆವರಲ್ಲ. ನಾನೂರು ಮೆಟ್ಟಿಲೂ ಅಳ್ತಾನೇ ಇಳಿದ್ಲು, ಒಂದು ಸದ್ದು ಮಾಡಲಿಲ್ಲ.

ಅಷ್ಟು ಹೇಳಿದೋನು ಒಳಗೆ ಹೋಗಿ, ದೀಪದಿಂದ ಬತ್ತಿ ಎಳೆದು ತಂದು ತಂಗಿ ಮಡಿಲಿಗೆ ಹಾಕಿದನಂತೆ. ಹಾಕಿ, ಗಾಣದ ಎತ್ತಿನ ಹಗ್ಗ ಎಲ್ಲಾ ಬಿಚ್ಚಿ ಹೆಗಲಿಗೆ ಹಾಕ್ಕೊಂಡು, ನಡಿ, ಕಂದಕಕ್ಕೆ ಹಗ್ಗ ಬೇಕಲ್ಲ ಅಂದನಂತೆ.

ಆಮೇಲೆ ನೋಡು, ಊರಿಗೆ ಊರೇ ಎದ್ದಿತು. ಬಾವಿ ಹಗ್ಗ ತಂದ್ರು, ಗಾಡಿ ಹಗ್ಗ ತಂದ್ರು, ದನ ಕಟ್ಟೋ ಕಣ್ಣಿ ತಂದ್ರು, ಗಿರಿಯಮ್ಮ ತೊಟ್ಟಿಲ ಹಗ್ಗಾನೂ ಬಿಚ್ಚಿ ತಂದ್ಲು. ಒಂದಕ್ಕೊಂದು ಗಂಟು ಹಾಕಿ, ಗೂಟ ನೆಟ್ಟು, ಸುತ್ತ ಕಟ್ತಾ ಬಂದ್ರೆ ಕೊನೆಗೆ ಹದಿನೆಂಟು ಮಾರು ಸಾಲದೆ ಬಂತಂತೆ. ಊರಲ್ಲಿ ಇನ್ನೊಂದು ಗೇಣು ಹಗ್ಗ ಇಲ್ಲ. ಆಗ ಚೌಡಣ್ಣ, ಆ ಪುಕ್ಕಲು ಚೌಡಣ್ಣನೇ, ಹಗ್ಗ ಇಲ್ಲದಿದ್ರೆ ನಾವಿದೀವಲ್ಲ, ಬನ್ರೋ ಅಂತ ಗಂಡಸರನ್ನ ಕರೆದು, ಕೈಗೆ ಕೈ ಕೊಟ್ಟು ಸಾಲಾಗಿ ನಿಲ್ಲಿಸಿದನಂತೆ. ಎಲ್ಲಾ ಮುಚ್ಚಿತು, ಒಬ್ಬರು ನಿಲ್ಲೋವಷ್ಟು ಸಂದು ಮಾತ್ರ ಉಳೀತು. ಅಲ್ಲಿಗೆ ಯಾರೂ ಬರವಲ್ಲರು. ಯಾಕಂದ್ರೆ ಚಿಕ್ಕದೊರೆ ಬಿದ್ದ ಜಾಗ ಅದು, ಅಲ್ಲಿ ನಿಲ್ಲೋಕೆ ಎಲ್ಲಾರಿಗೂ ಅಳುಕು. ಸೂರ್ಯ ಮುಳುಗ್ತಾ ಇದಾನೆ. ದುಗ್ಗಿ, ನಾನೇ ನಿಲ್ತೀನಿ ಅಂತ ಹೊರಟ್ರೆ ಹಿಂದಿಂದ ಯಾರೋ, ನೀನು ನಿಮ್ಮವ್ವನ ಹತ್ರ ಇರು ಮಗಳೇ ಅಂದ್ರಂತೆ. ತಿರುಗಿ ನೋಡಿದ್ರೆ ದೊರೆ. ಕಿರೀಟ ಇಲ್ಲ, ಚಪ್ಪಲಿ ಇಲ್ಲ, ಒಂದು ಶಾಲು ಹೊದ್ದಿದಾನೆ. ಮಡಿಲಲ್ಲಿದ್ದ ಬತ್ತಿ ನೋಡಿದ, ಹಗ್ಗ ನೋಡಿದ, ಸುಮ್ಮನೆ ಹೋಗಿ ಆ ಸಂದಲ್ಲಿ ನಿಂತನಂತೆ. ಪಕ್ಕದಲ್ಲಿದ್ದ ಅಗಸರ ಕೆಂಚಪ್ಪ ದೊರೆ ಕೈ ಹಿಡಿಯೋದು ಹೇಗೆ ಅಂತ ಹಿಂಜರಿದ್ರೆ, ದೊರೆನೇ ಅವನ ಕೈ ಹಿಡ್ಕೊಂಡನಂತೆ.

ದುಗ್ಗಿ ಮಕ್ಕಳನ್ನ ಎಣಿಸಿದ್ಲು. ಎಂಬತ್ತಾರು. ಎಲ್ಲಾ ತಾಯಂದಿರೂ ಮಕ್ಕಳ ಕೈ ಹಿಡ್ಕೊಂಡು ಗಾಣದ ಮನೆ ಮುಂದಿನ ಬಯಲಲ್ಲಿ ಕೂತ್ರು. ಆಮೇಲೆ ಮೊದಲು ಗುಡ್ಡದ ಕಡೆ ಬೀದಿ, ಆಮೇಲೆ ನಡುಬೀದಿ, ಆಮೇಲೆ ಕೋಟೆ ಬೀದಿ, ಒಂದೊಂದಾಗಿ ಪಂಜು ಆರಿಸ್ತಾ ಬಂದ್ರಂತೆ. ಕೊನೇದು ಆರಿದಾಗ ಒಂದು ಗಳಿಗೆ ಯಾರಿಗೂ ಏನೂ ಕಾಣಲಿಲ್ಲ. ಸಣ್ಣ ಮಕ್ಕಳು ಅತ್ವಂತೆ. ಆಮೇಲೆ ಹೊಗೆ ಮೆಲ್ಲಗೆ ಸರೀತು. ಹೊಗೆ ಸರಿದ ಹಾಗೆ ಚುಕ್ಕಿ ಬಂದ್ವು. ಹತ್ತು, ನೂರು, ಆಮೇಲೆ ಎಣಿಸೋದನ್ನೇ ಬಿಟ್ಟುಬಿಡಬೇಕು, ಅಷ್ಟು. ಅಳ್ತಿದ್ದ ಮಕ್ಕಳು ಬಾಯಿ ಮುಚ್ಚಿ ಮೇಲೆ ನೋಡಿದ್ವಂತೆ.

ದುಗ್ಗಿ ಅವ್ವನ್ನ ಕಂಬಳಿ ಮೇಲೆ ಮಲಗಿಸಿ, ಪಕ್ಕದಲ್ಲಿ ತಾನೂ ಮಲಗಿದ್ಲು. ಆ ಕಡೆ ಮಾರಣ್ಣ ಕೂತಿದ್ದ. ಸರಿಹೊತ್ತು ಕಳೀತು, ಈಶಾನ್ಯದ ಕಡೆಯಿಂದ ಒಂದು ಚುಕ್ಕಿ ಸರ್ರನೆ ಜಾರಿತು. ಊರೆಲ್ಲ ಒಂದೇ ಸಲ ಉಸಿರೆಳ್ಕೊಂಡಿತು. ಇನ್ನೊಂದು ಜಾರಿತು. ಆಮೇಲೆ ಸ್ವಲ್ಪ ಹೊತ್ತು ಏನಿಲ್ಲ, ಆಮೇಲೆ ಎರಡು ಒಟ್ಟೊಟ್ಟಿಗೆ. ಕಾಣ್ತಾ ಅವ್ವ ಅಂತ ದುಗ್ಗಿ ಕೇಳಿದ್ಲು. ಹಾಲಮ್ಮ ಈ ಸಲ ಸುಳ್ಳು ಹೇಳಲಿಲ್ಲ. ಇಲ್ಲ ಮಗಾ, ಕತ್ತಲೊಂದೇ ಕಾಣ್ತಿದೆ ಅಂದ್ಲಂತೆ.

ದೊರೆ ಒಪ್ಪಿದ, ಇನ್ನೂರು ಮನೆ ಒಪ್ಪಿದ್ವು, ಕತ್ತಲು ಬಂತು, ಚುಕ್ಕಿನೂ ಬಂದ್ವು, ಅವ್ವನ ಕಣ್ಣಿಗೇ ಅವನ್ನ ಹಿಡಿಯೋ ಬಲ ಇಲ್ಲ. ಇನ್ನು ಯಾರನ್ನ ಹೋಗಿ ಕೇಳೋದು? ದುಗ್ಗಿ ಅವ್ವನ ಕೈ ಹಿಡ್ಕೊಂಡು, ಮನಸ್ಸಲ್ಲೇ ಗೊತ್ತಿರೋ ದೇವರನ್ನೆಲ್ಲ ಕರೆದ್ಲಂತೆ. ಹಾಲಮ್ಮನೇ ಅವಳ ಬೆರಳು ಸವರ್ತಾ, ಇರಲಿ ಬಿಡು, ಎಲ್ಲಾರೂ ನೋಡ್ತಿದಾರಲ್ಲ ಅಂತಿದ್ಲು.

ಕೊನೇ ಜಾವ ಬಂತು. ಮೂಡಣ ಇನ್ನೂ ಬೆಳ್ಳಗಾಗಿರಲಿಲ್ಲ. ಆಗ ಬಂತು ನೋಡು ಒಂದು. ಮಿಕ್ಕಿದ್ದರ ಹಾಗೆ ಗೀರಲ್ಲ ಅದು, ಬೆಂಕಿ ಹಕ್ಕಿ. ಈಶಾನ್ಯದಿಂದ ಎದ್ದು, ನೆತ್ತಿ ಮೇಲೆ ಹಾದು, ನೈಋತ್ಯದ ಗುಡ್ಡದ ಕಡೆಗೆ, ನೀಲಿ ಹಸಿರು ಚೆಲ್ಕೊಂಡು, ಬಯಲಲ್ಲಿ ಕೂತಿದ್ದೋರ ನೆರಳು ನೆಲದ ಮೇಲೆ ಬೀಳೋವಷ್ಟು ಬೆಳಕಾಗಿ ಹೋಯ್ತಂತೆ. ಹೋದ ದಾರೀಲಿ ಹೊಗೆಯ ಗೆರೆ ಉಳೀತು. ದುಗ್ಗಿ ಆಕಾಶ ನೋಡ್ತಿರಲಿಲ್ಲ, ಅವ್ವನ ಮುಖ ನೋಡ್ತಿದ್ಲು. ಹಾಲಮ್ಮನ ಕೈ ಮೆಲ್ಲಗೆ ಮೇಲೆದ್ದಿತು. ಈಶಾನ್ಯಕ್ಕೆ ಬೆರಳು ಮಾಡಿ, ನೆತ್ತಿ ಮೇಲಿಂದ ಎಳೆದು, ಗುಡ್ಡದ ಕಡೆ ತಂದು ನಿಲ್ಲಿಸಿದ್ಲು. ಒಂದು ಕೂದಲೆಳೆ ಆಚೀಚೆ ಇಲ್ಲ. ಆಮೇಲೆ ಸಣ್ಣ ಹುಡುಗಿ ದನಿಯಲ್ಲಿ, "ಚೆನ್ನಾಗಿತ್ತು ಕಣಪ್ಪಾ" ಅಂದ್ಲಂತೆ.

ಯಾರಿಗವ್ವ ಹೇಳಿದ್ದು ಅಂತ ದುಗ್ಗಿ ಕೇಳಿದ್ಲು. ನಮ್ಮಪ್ಪನಿಗೆ ಅಂದ್ಲು ಹಾಲಮ್ಮ. ಅವತ್ತು ಅಷ್ಟು ದೂರ ಹೆಗಲ ಮೇಲೆ ಹೊತ್ಕೊಂಡು ಹೋಗಿ ತೋರಿಸಿದ. ನಾನು ಒಂದು ನೋಡಿ ಅವನ ತಲೆ ಮೇಲೇ ನಿದ್ದೆ ಮಾಡಿಬಿಟ್ಟೆ, ಚೆನ್ನಾಗಿತ್ತಪ್ಪ ಅಂತ ಒಂದು ಮಾತು ಹೇಳಲಿಲ್ಲ. ಮಾರನೇ ವರ್ಷ ಅವನು ತೀರಿಕೊಂಡ. ಆ ಮಾತು ಇಷ್ಟು ವರ್ಷ ಬಾಯಲ್ಲೇ ಉಳಿದಿತ್ತು. ಈಗ ಹೇಳಿದೆ. ಇಷ್ಟು ಹೇಳಿ ಹಾಲಮ್ಮ ಮಗಳ ತಲೆಯನ್ನ ಎದೆಗೆ ಎಳ್ಕೊಂಡ್ಲು. ಮಾರಣ್ಣ ಆ ಕಡೆ ತಿರುಗಿ ಮೂಗು ಒರೆಸ್ಕೊಂಡನಂತೆ. ದುಗ್ಗಿಗೆ ಅವ್ವನ ಮಾತು ಕೇಳಿದ ಮೇಲೆ ತನ್ನ ಬಾಯಲ್ಲೂ ಒಂದು ಮಾತು ಉಳಿದಿದೆ ಅನ್ನಿಸ್ತು. ಅದನ್ನ ಇಟ್ಕೋಬಾರದು ಅಂತ ಅವತ್ತೇ ಹೇಳಿಬಿಟ್ಟಳಂತೆ, ಅವ್ವಾ, ಅವತ್ತು ನನ್ನ ಎತ್ಕೊಂಡ್ಯಲ್ಲ, ಒಳ್ಳೇದಾಯ್ತು. ಹಾಲಮ್ಮ, ಎತ್ಕೊಳ್ದೆ ಇನ್ನೇನು ಮಾಡ್ತಾರೆ ಅಂದ್ಲು.

ಮೂಡಣ ಕೆಂಪಾಯ್ತು. ದುಗ್ಗಿ ಎದ್ದು ಮಕ್ಕಳನ್ನ ಎಣಿಸಿದ್ಲು. ಎಂಬತ್ತೈದು. ತಪ್ಪಿತೇನೋ ಅಂತ ಮತ್ತೆ ಎಣಿಸಿದ್ಲು. ಎಂಬತ್ತೈದು. ಗಿರಿಯಮ್ಮ ಕೂಗಿಕೊಂಡ್ಲು, ಅವಳ ನಡುವಿನ ಮಗಳು, ನಾಲ್ಕು ವರ್ಷದ ಪುಟ್ಟನಂಜಿ ಇಲ್ಲ. ಬೆಳಗಿನ ಜಾವ ತಾಯಿಗೆ ಕಣ್ಣು ಹತ್ತಿದೆ, ಕೈ ಸಡಿಲಾಗಿದೆ, ಮಗು ಎದ್ದು ಹೋಗಿದೆ. ಎಲ್ಲಾರೂ ಕಂದಕದ ಕಡೆ ಓಡಿದ್ರಂತೆ. ದುಗ್ಗಿನೂ ಓಡಿದ್ಲು. ಊರು ಬಿಡಬೇಕಲ್ಲ ಅನ್ನೋದು ತಲೆಗೇ ಬರಲಿಲ್ಲ ಅವಳಿಗೆ, ಆ ಮಗು, ಆ ಮಗು ಅಂತ ಒಂದೇ.

ಎದುರಿಗೆ ದೊರೆ ನಡ್ಕೊಂಡು ಬರ್ತಿದ್ದ. ಹೆಗಲ ಮೇಲೆ ಶಾಲು, ಶಾಲೊಳಗೆ ಪುಟ್ಟನಂಜಿ, ಜೊಲ್ಲು ಸುರಿಸ್ಕೊಂಡು ನಿದ್ದೆ. ದೊರೆ ಕಣ್ಣು ಕೆಂಪಗಿತ್ತು, ಮುಖ ಮಾತ್ರ ಹನ್ನೆರಡು ವರ್ಷದಲ್ಲಿ ಯಾರೂ ನೋಡದ ಹಾಗಿತ್ತಂತೆ. ದುಗ್ಗಿ ಮುಂದೆ ನಿಂತು ಹೇಳಿದ, ಆ ದೊಡ್ಡ ಚುಕ್ಕಿ ಬಿತ್ತಲ್ಲ, ಅದಾದ ಮೇಲೆ ಈ ಮಗು ನಾನು ನಿಂತಿದ್ದ ಕಡೆಗೇ ಬಂತು. ಕತ್ತು ಮೇಲೆತ್ತಿ, ನಗ್ತಾ, ನೆಲ ನೋಡದೆ ನಡ್ಕೊಂಡು ಬಂತು. ಹಿಡ್ಕೊಂಡೆ. ಎಲ್ಲಿಗವ್ವ ಹೋಗ್ತಿದೀಯ ಅಂದ್ರೆ, ಬಿದ್ದ ಚುಕ್ಕಿ ಎತ್ಕೊಂಡು ಬರೋಕೆ ಅಂತು. ದೊರೆ ಶಾಲನ್ನ ಮಗು ಕಾಲಿನವರೆಗೂ ಎಳೆದ. ಅವತ್ತೂ ಹೊಂಗೆ ಹೂ ಉದುರೋ ಕಾಲವೇ ಮಗಳೇ. ನನ್ನ ಮಗ ಕತ್ತಲಲ್ಲಿ ಹೆದರಿ ಅಳ್ತಾ ಅಳ್ತಾ ಹೋದ ಅಂತ ಹನ್ನೆರಡು ವರ್ಷ ನಿದ್ದೆ ಮಾಡದೆ ಕೂತಿದ್ದೆ. ಅವನು ಹೆದರಿರಲಿಲ್ಲ. ಅವನೂ ಹೀಗೇ ನಗ್ತಾ ಹೋಗಿದ್ದ. ಇದನ್ನ ತಿಳಿಸಿಕೊಟ್ಟೆಯಲ್ಲ, ನೀನು ತಣ್ಣಗಿರು.

ಆಮೇಲೆ ಮಗುವನ್ನ ಗಿರಿಯಮ್ಮನ ಕೈಗೆ ಕೊಟ್ಟು, ಎಂಬತ್ತಾರು, ಸರಿ ಇದೆ, ಎಲ್ಲಾರೂ ಮನೆಗೆ ಹೋಗಿ ಮಲಗ್ರಪ್ಪ ಅಂದನಂತೆ. ಹಗಲು ಹೊತ್ತಲ್ಲಿ ಇಡೀ ಊರು ಮಲಗಿದ್ದು ಅವತ್ತು ಒಂದೇ ದಿನ. ದೊರೆನೂ ಮಲಗಿದ, ಮಾರನೇ ದಿನದವರೆಗೆ ಎದ್ದೇ ಇಲ್ಲವಂತೆ.

ಎದ್ದ ಮೇಲೆ ಕಂದಕದ ಸುತ್ತ ಎದೆಯೆತ್ತರ ಗೋಡೆ ಕಟ್ಟಿಸಿದ. ದೀಪ ಊಟ ಆಗೋವರೆಗೆ ಇದ್ರೆ ಸಾಕು ಅಂದ. ಹೊಂಗೆ ಹೂ ಉದುರೋ ಮೂರು ರಾತ್ರಿ ಮಾತ್ರ ಊರೆಲ್ಲ ಕತ್ತಲಿರಬೇಕು ಅಂತ ತಮಟೆ ಹೊಡೆಸಿದ. ಗಾಣದ ಎತ್ತುಗಳು ರಾತ್ರಿ ಹೊತ್ತು ಮಲಗಿ ಮೆಲುಕು ಹಾಕೋಕೆ ಕಲಿತ್ವು. ಎಣ್ಣೆ ಯಾರು ಕೇಳ್ತಾರೆ ಅಂತ ಮಾರಣ್ಣ ಹೆದರಿದ್ದನಲ್ಲ, ಮುಂದಿನ ವರ್ಷ ಏನಾಯ್ತು ಗೊತ್ತಾ? ಬೆಳಗಲ್ಲಲ್ಲಿ ಚುಕ್ಕಿ ಮಳೆ ಚೆನ್ನಾಗಿ ಕಾಣುತ್ತಂತೆ ಅಂತ ಸುದ್ದಿ ಹರಡಿ, ಏಳೂರಿಂದ ಗಾಡಿ ಕಟ್ಕೊಂಡು ಜನ ಬಂದ್ರು. ಬಂದೋರಿಗೆ ರಾತ್ರಿಯೆಲ್ಲ ಎದ್ದಿದ್ರೆ ಹಸಿವಾಗೋದಿಲ್ವಾ. ಸೂರ್ಯ ಮುಳುಗೋ ಮುಂಚೆ ಮಾರಣ್ಣ ಬಾಣಲೆಗೆ ಹುಚ್ಚೆಳ್ಳೆಣ್ಣೆ ಸುರಿದು ವಡೆ, ಕಜ್ಜಾಯ ಕರಿದಿದ್ದೇ ಕರಿದಿದ್ದು. ಅಷ್ಟು ಎಣ್ಣೆ ದೀಪಕ್ಕೂ ಖರ್ಚಾಗಿರಲಿಲ್ಲವಂತೆ. ಚೌಡಣ್ಣ ಬಂದೋರಿಗೆಲ್ಲ ಜಾಗ ತೋರಿಸ್ತಾ, ಪಂಜು ತಂದೋರನ್ನ ಗದರಿಸ್ತಾ ಓಡಾಡ್ತಿದ್ದ.

ಹಾಲಮ್ಮನ ಕಣ್ಣು ವೈದ್ಯರು ಹೇಳಿದ ಹಾಗೇ ಮುಂಗಾರಿಗೆ ಮುಚ್ಚಿತು. ಅವಳು ಕೊರಗಲಿಲ್ಲ. ಪ್ರತಿವರ್ಷ ದುಗ್ಗಿ, ಬಾ ಅವ್ವ ಅಂತ ಕಂಬಳಿ ಹಾಸಿ ಬಯಲಲ್ಲಿ ಮಲಗಿಸ್ತಿದ್ಲು. ಯಾವ ಕಡೆ ಬಿತ್ತು ಅಂತ ಹೇಳೋಕೆ ಬಾಯಿ ತೆಗೆಯೋಷ್ಟರಲ್ಲಿ ಹಾಲಮ್ಮನೇ, ಇದು ದೊಡ್ಡದು ಅಲ್ವಾ ಅಂತಿದ್ಲಂತೆ. ನಿಂಗೆ ಹೇಗೆ ಗೊತ್ತಾಯ್ತವ್ವ ಅಂದ್ರೆ, ಅಷ್ಟು ಜನ ಒಟ್ಟಿಗೆ ಉಸಿರೆಳ್ಕೊಂಡಿದ್ದು ಕೇಳಿಸಲಿಲ್ವಾ, ಈಗ ಎಂಥ ಚಂದ ಕೇಳುತ್ತೆ ಗೊತ್ತಾ ಅಂತ ನಗ್ತಿದ್ಲಂತೆ.

ಅವರೆಲ್ಲ ಅಲ್ಲಿ ಉಂಡು ತಿಂದು ತಣ್ಣಗೆ ಬಾಳಿದ್ರು, ನಾವಿಬ್ಬರು ಇಲ್ಲಿ ಬೆಚ್ಚಗೆ ಮಲಗಿದೀವಿ. ಕತೆ ಮುಗೀತು ಮಗಾ. ಏನು, ಹ್ಞೂಂ ಅನ್ನೋದು ಯಾವಾಗ ನಿಲ್ಲಿಸ್ದೆ ನೀನು?